ಅಟ್ಟದ ಮೇಲಿನ ಧ್ವನಿಸುರುಳಿಗಳು

(ಕಿಗ್ಗದಲ್ಲಿ ಈಚೆಗೆ ನೀಡಿದ ಉಪನ್ಯಾಸದ ಲಿಖಿತ ರೂಪ)



ಸಂಗೀತ, ಸಿನಿಮಾ ಮತ್ತು ತಂತ್ರಜ್ಞಾನ ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ನೀವು ಹೇಳಿದಿರಿ. ಇಷ್ಟು ದೊಡ್ಡ ವಿಷಯವನ್ನು ಪತ್ರಿಕಾ ವರದಿಗಾರನೊಬ್ಬನ ಕೈಗೆ ಕೊಟ್ಟರೆ ಆತ ಮುಂಬಯಿ, ಬೆಂಗಳೂರುಗಳ ನಾಲ್ಕು ಸುದ್ದಿ ಹೇಳಿ ಮುಗಿಸಿಬಿಡುವುದೇ ಹೆಚ್ಚು. ಕಿಗ್ಗದಲ್ಲಿ ನಿಂತು ಹಾಗೆ ಮಾಡಬೇಕಾದ್ದಿಲ್ಲ. ಏಕೆಂದರೆ ಈ ಊರಿನ ಕತೆ ಹಾಡಿನಿಂದಲೇ ಶುರುವಾಗುತ್ತದೆ.

ಋಷ್ಯಶೃಂಗನ ಕತೆ ನಿಮಗೆ ನಾನು ಹೇಳಬೇಕಾಗಿಲ್ಲ. ಅಂಗ ದೇಶದಲ್ಲಿ ಮಳೆಯಿಲ್ಲ. ವಿಭಾಂಡಕ ಮುನಿಯ ಮಗ ಬಂದರೆ ಮಳೆ ಬರುತ್ತದೆಂದು ಬಲ್ಲವರು ಹೇಳುತ್ತಾರೆ. ತಂದೆಯ ಹೊರತು ಬೇರೆ ಮನುಷ್ಯರನ್ನೇ ಕಾಣದೆ ಕಾಡಿನಲ್ಲಿ ಬೆಳೆದ ಆ ಹುಡುಗನನ್ನು ಕರೆತರಲು ರೋಮಪಾದ ರಾಜ ಸೈನ್ಯ ಕಳಿಸಲಿಲ್ಲ, ಹಾಡುವ ಹೆಂಗಸರನ್ನು ಕಳಿಸಿದ. ಹಾಡು ಮುಂದೆ ಬಂತು, ಋಷಿ ಹಿಂದೆ ಬಂದ, ಅವನ ಹಿಂದೆ ಮಳೆ ಬಂತು. ಇದೇ ಕತೆಯನ್ನು ಮಲಯಾಳದ ನಿರ್ದೇಶಕ ಭರತನ್ 1988ರಲ್ಲಿ ‘ವೈಶಾಲಿ’ ಎಂಬ ಚಿತ್ರವಾಗಿ ತೆಗೆದರು. ಅದರ ಹಾಡಿಗಾಗಿ ಕೆ.ಎಸ್. ಚಿತ್ರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಮಳೆ ಬೇಡುವುದಕ್ಕೂ, ಬಂದ ಮಳೆ ಅತಿಯಾದಾಗ ನಿಲ್ಲಿಸೆಂದು ಬೇಡುವುದಕ್ಕೂ ಜನ ಬರುವ ದೇವಸ್ಥಾನ ಇಲ್ಲಿದೆ. ಹಾಡು ಮತ್ತು ಮಳೆ, ಈ ಎರಡೂ ನನ್ನ ಇಂದಿನ ಮಾತಿನಲ್ಲಿ ಕೊನೆಯವರೆಗೂ ಬರುತ್ತವೆ. ಪುರಾಣದಲ್ಲಿ ಹಾಡು ಮಳೆಯನ್ನು ತಂದಿತು. ನಮ್ಮ ಕಾಲದಲ್ಲಿ ಮಳೆ ಹಾಡನ್ನು ತೆಗೆದುಕೊಂಡು ಹೋಗುತ್ತಿದೆ. ಹೇಗೆ ಎಂಬುದನ್ನು ವಿವರಿಸುತ್ತೇನೆ.

ಹೆಸರು ಹೇಳಿದ ಗಾಯಕಿ

ಹಾಡನ್ನು ಹಿಡಿದಿಡುವ ಯಂತ್ರ ನಮ್ಮ ದೇಶಕ್ಕೆ ವ್ಯಾಪಾರದ ಸರಕಾಗಿ ಬಂದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. 1902ರ ನವೆಂಬರ್‌ನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡ. ತಾಸುಗಟ್ಟಲೆ ರಾಗ ವಿಸ್ತರಿಸುತ್ತಿದ್ದ ಗಾಯಕಿ ಸುಮಾರು ಮೂರು ನಿಮಿಷಗಳಲ್ಲಿ ಎಲ್ಲವನ್ನೂ ಮುಗಿಸಬೇಕಾಯಿತು. ತಟ್ಟೆಯಲ್ಲಿ ಅಷ್ಟೇ ಜಾಗ. ಯಂತ್ರವು ಸಂಗೀತವನ್ನು ಹಿಡಿಯುವ ಮೊದಲು ಅದನ್ನು ಕತ್ತರಿಸಿತು ಎಂಬುದು ಆಗಲೇ ಸ್ಪಷ್ಟವಾಯಿತು.

ಆ ಗಾನತಟ್ಟೆಗಳ ಕೊನೆಯಲ್ಲಿ ಒಂದು ವಿಶೇಷವಿದೆ. ಹಾಡು ಮುಗಿದೊಡನೆ ಗೌಹರ್ ಜಾನ್ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಾರೆ. ಜಂಬಕ್ಕಾಗಿ ಹೇಳಿದ್ದಲ್ಲ. ಮುದ್ರಿಕೆಗಳು ಜರ್ಮನಿಯ ಹ್ಯಾನೋವರ್‌ಗೆ ಹೋಗಿ ಅಲ್ಲಿ ತಟ್ಟೆಗಳಾಗುತ್ತಿದ್ದವು. ನಮ್ಮ ಭಾಷೆ ತಿಳಿಯದ ಅಲ್ಲಿನ ಕೆಲಸಗಾರರಿಗೆ ಯಾವ ತಟ್ಟೆಗೆ ಯಾರ ಹೆಸರಿನ ಚೀಟಿ ಅಂಟಿಸಬೇಕೆಂದು ಗೊತ್ತಾಗಲು ಈ ಉಪಾಯ. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ ಆಹ್ವಾನದ ಮೇಲೆ 1928ರಲ್ಲಿ ಆಸ್ಥಾನಕ್ಕೆ ಬಂದ ಗೌಹರ್ ಜಾನ್, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಆ ಕಾಲದ ಅದೆಷ್ಟೋ ಕಲಾವಿದೆಯರ ಹೆಸರು ಮರೆತು ಹೋಗಿದೆ. ಗೌಹರ್ ಜಾನ್ ಅವರನ್ನು ಮಾತ್ರ ಯಾರೂ ಅನಾಮಿಕೆ ಎನ್ನುವಂತಿಲ್ಲ. ಅವರ ಹೆಸರು ಅವರ ದನಿಯಲ್ಲೇ ಇದೆ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ.

ಗ್ರಾಮಫೋನ್ ಶ್ರೀಮಂತರ ಮನೆಯ ವಸ್ತುವಾಗಿತ್ತು. ಹಾಡನ್ನು ಸಾಮಾನ್ಯರ ಜಗಲಿಗೆ ತಂದದ್ದು ರೇಡಿಯೊ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ 30 ವ್ಯಾಟಿನ ಪುಟ್ಟ ಪ್ರೇಷಕ ಇಟ್ಟು ಬಾನುಲಿ ಆರಂಭಿಸಿದರು. ಅದರ ಹೆಸರು ‘ಆಕಾಶವಾಣಿ’. ಮುಂದೆ ಇಡೀ ದೇಶದ ಬಾನುಲಿಗೇ ಆ ಹೆಸರಾಯಿತು. 1965ರಲ್ಲಿ ಭದ್ರಾವತಿ ಕೇಂದ್ರ ಶುರುವಾದ ಮೇಲೆ ಮಲೆನಾಡಿಗೆ ತನ್ನದೇ ದನಿ ಸಿಕ್ಕಿತು. ಊರಿಗೆ ಒಂದೆರಡು ರೇಡಿಯೊ ಇದ್ದಾಗ ಕೇಳುವವರು ಹತ್ತಾರು ಮಂದಿ. ಆದರೆ ರೇಡಿಯೊ ನಮಗೆ ಕೇಳಿಸುತ್ತಿತ್ತೇ ಹೊರತು ನಮ್ಮದನ್ನು ಕೇಳಿಸಿಕೊಳ್ಳುತ್ತಿದ್ದುದು ಅಪರೂಪ. ಅದಕ್ಕೆ ನಿಲಯದವರೆಗೆ ಹೋಗಬೇಕು, ಧ್ವನಿ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು.

ಕಳೆದುಹೋದ ಸುಲೋಚನೆ, ಉಳಿದ ಅಗ್ರಹಾರ

ಇನ್ನು ಸಿನಿಮಾಕ್ಕೆ ಬರೋಣ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’. ವೈ.ವಿ. ರಾವ್ ನಿರ್ದೇಶನ. ಸುಬ್ಬಯ್ಯನಾಯ್ಡು, ಆರ್. ನಾಗೇಂದ್ರರಾವ್, ತ್ರಿಪುರಾಂಬ ತಾರಾಗಣದಲ್ಲಿದ್ದರು. ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಕನ್ನಡ ತೆರೆಯ ಮೇಲೆ ಮೊದಲು ಮಾತನಾಡಿದ, ಹಾಡಿದ ಆ ಚಿತ್ರದ ಪ್ರತಿ ಇಂದು ನಮ್ಮಲ್ಲಿಲ್ಲ. ಇತಿಹಾಸದ ಪುಸ್ತಕಗಳಲ್ಲಿ ಅದರ ಹೆಸರಿದೆ, ಕೆಲವು ಚಿತ್ರಪಟಗಳಿವೆ. ಚಿತ್ರ ಇಲ್ಲ.

ಹೀಗಾಗಲು ಎರಡು ಕಾರಣ. ಆ ಕಾಲದ ನೈಟ್ರೇಟ್ ಫಿಲ್ಮು ಸುಲಭವಾಗಿ ಬೆಂಕಿ ಹಿಡಿಯುವಂಥದು, ಇಟ್ಟಲ್ಲೇ ಕೊಳೆಯುವಂಥದು. ಮತ್ತೊಂದು, ಉಳಿಸಬೇಕು ಎಂಬ ಯೋಚನೆಯೇ ಯಾರಿಗೂ ಇರಲಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಭಂಡಾರ ಸ್ಥಾಪನೆಯಾದದ್ದು 1964ರಲ್ಲಿ. ಅಂದರೆ ‘ಸತಿ ಸುಲೋಚನಾ’ ಬಂದು ಮೂವತ್ತು ವರ್ಷಗಳ ನಂತರ. ಆ ಮೂವತ್ತು ವರ್ಷಗಳಲ್ಲಿ ಹೋದದ್ದು ಹೋಯಿತು.

ಉಳಿದ ಚಿತ್ರದ ಉದಾಹರಣೆಯನ್ನು ನಿಮ್ಮ ತಾಲ್ಲೂಕಿನಿಂದಲೇ ಕೊಡುತ್ತೇನೆ. ಯು.ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿದ ‘ಸಂಸ್ಕಾರ’ದ ಬಹುಭಾಗವನ್ನು ಚಿತ್ರೀಕರಿಸಿದ್ದು ಶೃಂಗೇರಿ ತಾಲ್ಲೂಕಿನ ವೈಕುಂಠಪುರದಲ್ಲಿ. ಪಟ್ಟಾಭಿರಾಮ ರೆಡ್ಡಿ ನಿರ್ದೇಶಕರು. ಚಿತ್ರಕತೆ ಬರೆದು ಪ್ರಾಣೇಶಾಚಾರ್ಯರ ಪಾತ್ರ ಮಾಡಿದವರು ಗಿರೀಶ ಕಾರ್ನಾಡರು. ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯದ ಟಾಮ್ ಕೋವನ್. ಮದರಾಸಿನ ಸೆನ್ಸಾರ್ ಮಂಡಳಿ ಮೊದಲು ಚಿತ್ರವನ್ನು ತಡೆಹಿಡಿಯಿತು. ಆ ತಡೆ ತೆರವಾಗಿ 1970ರಲ್ಲಿ ಬಿಡುಗಡೆಯಾದಾಗ ಅದೇ ವರ್ಷದ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಗೌರವ ಪಡೆಯಿತು. ಕನ್ನಡಕ್ಕೆ ಆ ಗೌರವ ಅದೇ ಮೊದಲು.

ಚಿತ್ರದ ಸಂಗೀತ ಸರೋದ್ ವಾದಕ ರಾಜೀವ ತಾರಾನಾಥರದು. ಉಸ್ತಾದ್ ಅಲಿ ಅಕ್ಬರ್ ಖಾನರ ಶಿಷ್ಯರಾದ ಅವರು ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕರೂ ಆಗಿದ್ದರು. 2024ರ ಜೂನ್‌ನಲ್ಲಿ ಮೈಸೂರಿನಲ್ಲಿ ನಿಧನರಾದರು. ಆಗಿನ ಜನಪ್ರಿಯ ಚಿತ್ರಗಳಂತೆ ಹಾಡು ಕುಣಿತ ತುಂಬಿದ ಚಿತ್ರವಲ್ಲ ಅದು. ಮೌನಕ್ಕೂ ಅಲ್ಲಿ ಜಾಗವಿದೆ. ಮಲೆನಾಡಿನ ಊರು ಮೌನವಾಗಿರುವಾಗ ಹೇಗಿರುತ್ತದೆಂದು ಬಲ್ಲ ನಿಮಗೆ ಅದು ಹೊಸದೇನಲ್ಲ.

ಕತೆಯನ್ನು ಒಪ್ಪುವವರು, ಒಪ್ಪದವರು ಇಬ್ಬರೂ ಇದ್ದಾರೆ. ಆ ಚರ್ಚೆ ಇಲ್ಲಿ ಬೇಡ. ಐವತ್ತು ವರ್ಷ ದಾಟಿದ ಮೇಲೆ ಆ ಚಿತ್ರಕ್ಕೆ ಇನ್ನೊಂದು ಬೆಲೆ ಬಂದಿದೆ. ಈ ಸೀಮೆಯ ಬೀದಿ, ಮನೆ, ಬೆಳಕು ಆಗ ಹೇಗಿದ್ದವು ಎಂಬುದಕ್ಕೆ ಕಪ್ಪು ಬಿಳುಪಿನ ಆ ಚಿತ್ರ ಒಂದು ಸಾಕ್ಷಿ. ಚಿತ್ರ ತೆಗೆದವರು ಊರನ್ನು ದಾಖಲಿಸಲು ಬಂದವರಲ್ಲ, ಕತೆ ಹೇಳಲು ಬಂದವರು. ಆದರೂ ಊರು ದಾಖಲಾಯಿತು. ಪ್ರಶಸ್ತಿ ಬಂದದ್ದರಿಂದ, ಪ್ರತಿಗಳು ಹಲವು ಕಡೆ ಹೋದದ್ದರಿಂದ, ಇಂದಿಗೂ ನಾವು ಅದನ್ನು ನೋಡಬಹುದು.

ಇದರಿಂದ ಒಂದು ಸರಳ ಸೂತ್ರ ಸಿಗುತ್ತದೆ. ಹಲವು ಪ್ರತಿ ಇದ್ದದ್ದು ಉಳಿಯುತ್ತದೆ. ಒಂದೇ ಪ್ರತಿ ಇದ್ದದ್ದು ಹೋಗುತ್ತದೆ. ಹಾಗಾದರೆ ಒಂದೇ ಪ್ರತಿ ಇರುವಂಥದು ನಮ್ಮ ಬಳಿ ಏನಿದೆ?

ಯಂತ್ರ ನಮ್ಮ ಕೈಗೆ ಬಂದಾಗ

ಉತ್ತರ ನಿಮ್ಮ ಅಟ್ಟದ ಮೇಲಿದೆ. ಅದೇ ಧ್ವನಿಸುರುಳಿ, ಎಲ್ಲರೂ ಕರೆಯುವಂತೆ ಕ್ಯಾಸೆಟ್ಟು.

ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ಹೊರತಂದದ್ದು 1963ರಲ್ಲಿ. ಕನ್ನಡದ ಮಟ್ಟಿಗೆ ದೊಡ್ಡ ತಿರುವು 1978ರಲ್ಲಿ ಬಂತು. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ಸಂಗೀತ ನೀಡಿದ ‘ನಿತ್ಯೋತ್ಸವ’ ಧ್ವನಿಸುರುಳಿ ಬಂದ ಮೇಲೆ, ಭಾವಗೀತೆ ಎಂಬುದು ಪಾಠದ ಪುಸ್ತಕದಿಂದ ಅಡಿಗೆಮನೆಯವರೆಗೆ ಹೋಯಿತು. ಸಿನಿಮಾದ ಆಸರೆಯಿಲ್ಲದೆ ಕವಿಯೊಬ್ಬ ಮನೆಮನೆಗೆ ತಲುಪಬಹುದೆಂದು ಕ್ಯಾಸೆಟ್ಟು ತೋರಿಸಿತು.

ಇದಕ್ಕಿಂತ ದೊಡ್ಡ ಬದಲಾವಣೆ ಬೇರೆಯೇ ಇತ್ತು. ಗ್ರಾಮಫೋನ್ ಮತ್ತು ರೇಡಿಯೊ ಕೇಳಿಸುವ ಯಂತ್ರಗಳು. ಟೇಪ್ ರೆಕಾರ್ಡರು ಕೇಳಿಸುವುದರ ಜೊತೆಗೆ ಕೇಳಿಸಿಕೊಳ್ಳುವ ಯಂತ್ರವೂ ಆಗಿತ್ತು. ಅದರಲ್ಲಿ ಒಂದು ಕೆಂಪು ಗುಂಡಿ ಇತ್ತು. ಅದನ್ನು ಒತ್ತಿದರೆ ನಿಮ್ಮ ಮನೆಯ ಅಜ್ಜಿಯೂ ಗಾಯಕಿ. ಯಾರ ಹಾಡನ್ನು ಉಳಿಸಬೇಕು ಎಂಬ ತೀರ್ಮಾನ ಮೊದಲ ಬಾರಿಗೆ ಕಂಪನಿಯ ಕೈಯಿಂದ, ನಿಲಯದ ಕೈಯಿಂದ ಊರಿನವರ ಕೈಗೆ ಬಂತು.

ಯಕ್ಷಗಾನ ಪ್ರಿಯರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು. ಬಡಗುತಿಟ್ಟಿನ ಭಾಗವತ ಗುಂಡ್ಮಿ ಕಾಳಿಂಗ ನಾವಡರು 1958ರಲ್ಲಿ ಹುಟ್ಟಿದವರು. 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರು ಹೋದ ಮೇಲೆ ಹುಟ್ಟಿದ ನನ್ನಂಥವರೂ ಅವರ ಪದ್ಯಗಳನ್ನು ಕೇಳಿ ಬೆಳೆದಿದ್ದೇವೆ. ಅದಕ್ಕೆ ಕಾರಣ ಕ್ಯಾಸೆಟ್ಟು. ಅಂಗಡಿಯಲ್ಲಿ ಮಾರಾಟವಾದವು ಕೆಲವು. ರಾತ್ರಿಯಿಡೀ ನಿದ್ದೆಗೆಟ್ಟು ರಂಗಸ್ಥಳದ ಪಕ್ಕ ಟೇಪ್ ರೆಕಾರ್ಡರು ಹಿಡಿದು ಕೂತ ಅಭಿಮಾನಿಗಳು ಮಾಡಿಕೊಂಡವು ಇನ್ನೆಷ್ಟೋ.

ಘಟ್ಟದ ಕೆಳಗೆ, ಬೆಳ್ತಂಗಡಿ ತಾಲ್ಲೂಕಿನ ಉಜಿರೆಯ ಸಮೀಪ, 1990ರ ಡಿಸೆಂಬರ್‌ನಲ್ಲಿ ಇನ್ನೂ ದೊಡ್ಡ ಕೆಲಸವೊಂದು ನಡೆಯಿತು. ಗೋಪಾಲ ನಾಯ್ಕ ಎಂಬ ತುಳು ಗಾಯಕರು ಸಿರಿಯ ಕತೆಯನ್ನು ಹಾಡಿದರು. ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ, ನಮ್ಮ ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರ ತಂಡ ಅದನ್ನು ಮುದ್ರಿಸಿಕೊಂಡಿತು. ಬರೆದಾಗ 15,683 ಸಾಲುಗಳಾದವು. 1998ರಲ್ಲಿ ಪುಸ್ತಕವಾಗಿ ಬಂದಾಗ ಜಗತ್ತಿನ ವಿದ್ವಾಂಸರು ಅದನ್ನು ಮಹಾಕಾವ್ಯವೆಂದು ಕರೆದರು. ಗಾಯಕರ ಗಂಟಲಲ್ಲಿ ಅದು ಮೊದಲೂ ಮಹಾಕಾವ್ಯವೇ ಆಗಿತ್ತು. ಮುದ್ರಿಸಿ, ಹೆಸರು ಬರೆದು, ದಿನಾಂಕ ಹಾಕಿ ಇಟ್ಟದ್ದರಿಂದ ಹೊರಗಿನವರಿಗೂ ಗೊತ್ತಾಯಿತು.

ಎಲ್ಲ ಊರಿಗೂ ವಿದ್ವಾಂಸರ ತಂಡ ಬರುವುದಿಲ್ಲ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಕಡೆ ವರದಿಗಾಗಿ ಸುತ್ತುವಾಗ ಎಷ್ಟೋ ಮನೆಗಳಲ್ಲಿ ಹಳೆಯ ಕ್ಯಾಸೆಟ್ಟುಗಳ ಡಬ್ಬ ಕಂಡಿದ್ದೇನೆ. ಮದುವೆಯ ಸೋಬಾನೆ, ತಾಳಮದ್ದಲೆ, ಗದ್ದೆ ನೆಟ್ಟಿಯ ಹಾಡು, ಗಲ್ಫಿಗೋ ಅಮೆರಿಕಕ್ಕೋ ಹೋದ ಮಗನಿಗೆ ಕಳಿಸಲು ಅಮ್ಮ ಮಾತನಾಡಿ ತುಂಬಿಸಿದ ಟೇಪು. ಒಂದು ಮನೆಯಲ್ಲಿ ಸಿಕ್ಕಿದ ಕ್ಯಾಸೆಟ್ಟಿನ ಮೇಲೆ ‘ದೀಪಾವಳಿ, ಅಂಟಿಗೆ ಪಂಟಿಗೆ’ ಎಂದಷ್ಟೇ ಬರೆದಿತ್ತು. ದೀಪ ಹಿಡಿದು ಇರುಳೆಲ್ಲ ಮನೆಯಿಂದ ಮನೆಗೆ ಹಾಡುತ್ತ ಹೋಗುವ ನಮ್ಮ ಮಲೆನಾಡಿನ ತಂಡದ ಹಾಡು. ಯಾವ ಊರಿನ ತಂಡ, ಮುಂದಾಗಿ ಹಾಡುತ್ತಿರುವವರು ಯಾರು, ಯಾವ ವರ್ಷ ಎಂದು ಕೇಳಿದೆ. ಮನೆಯವರಿಗೆ ಗೊತ್ತಿರಲಿಲ್ಲ. ‘ನಮ್ಮ ದೊಡ್ಡಪ್ಪನಿಗೆ ಗೊತ್ತಿತ್ತು’ ಎಂದರು. ದೊಡ್ಡಪ್ಪ ಈಗ ಇಲ್ಲ. ದನಿ ಇದೆ, ಮನುಷ್ಯ ಯಾರೆಂದು ಗೊತ್ತಿಲ್ಲ. ಗೌಹರ್ ಜಾನ್ ಮಾಡಿದ ಆ ಸಣ್ಣ ಕೆಲಸವನ್ನು ನಾವು ಮಾಡಲಿಲ್ಲ.

ಮಳೆ ಮಾಡುವ ಕೆಲಸ

ಕ್ಯಾಸೆಟ್ಟಿನ ಒಳಗಿರುವುದು 4 ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ ಅಗಲದ ಪಟ್ಟಿ. ಪಾಲಿಯೆಸ್ಟರ್ ಹಾಳೆಯ ಮೇಲೆ ಕಬ್ಬಿಣದ ಆಕ್ಸೈಡಿನ ಪುಡಿಯನ್ನು ಒಂದು ಬಗೆಯ ಅಂಟಿನಲ್ಲಿ ಕಲಸಿ ಬಳಿದಿರುತ್ತಾರೆ. ಹಾಡು ಇರುವುದು ಆ ಪುಡಿಯ ಕಾಂತೀಯ ಗುರುತಿನಲ್ಲಿ. ಸೆಕೆಂಡಿಗೆ ಪೌಣೆ ಐದು ಸೆಂಟಿಮೀಟರಿನಷ್ಟು ಪಟ್ಟಿ ಓಡುತ್ತದೆ. ಸಿ-60 ಕ್ಯಾಸೆಟ್ಟಿನಲ್ಲಿ ಸುಮಾರು 86 ಮೀಟರ್ ಪಟ್ಟಿ, ಸಿ-90ರಲ್ಲಿ ಸುಮಾರು 130 ಮೀಟರ್. ಅದೇ ಡಬ್ಬಿಯಲ್ಲಿ ಹೆಚ್ಚು ಹಿಡಿಸಬೇಕಾದ್ದರಿಂದ ಸಿ-90ರ ಪಟ್ಟಿ ಇನ್ನೂ ತೆಳು. ಯಂತ್ರಕ್ಕೆ ಸಿಕ್ಕಿಕೊಳ್ಳುವುದೂ ಅದೇ ಹೆಚ್ಚು. ಪೆನ್ಸಿಲು ತೂರಿಸಿ ಸುತ್ತಿದ ನೆನಪು ನಿಮ್ಮಲ್ಲಿ ಅನೇಕರಿಗೆ ಇರಬಹುದು.

ಈ ಪಟ್ಟಿಯ ಶತ್ರು ತೇವ. ಗಾಳಿಯ ತೇವ ಅಂಟಿನೊಳಗೆ ಸೇರಿ ಅದನ್ನು ಸಡಿಲಗೊಳಿಸುತ್ತದೆ. ಆಗ ಪುಡಿ ಉದುರುತ್ತದೆ, ಅದರ ಜೊತೆ ಹಾಡೂ ಉದುರುತ್ತದೆ. ಇನ್ನೊಂದು ಶತ್ರು ಬೂಷ್ಟು. ನಮ್ಮ ನೆರೆಯ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7 ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ. ಆರಿದ್ರಾ, ಪುನರ್ವಸು, ಪುಷ್ಯ ಎಂದು ಒಂದರ ಹಿಂದೊಂದು ಮಳೆ ಹಿಡಿದಾಗ ಚಪ್ಪಲಿ, ಪುಸ್ತಕ, ರೇಷ್ಮೆ ಸೀರೆ ಎಲ್ಲಕ್ಕೂ ಬಿಳಿ ಬೂಷ್ಟು ಬರುತ್ತದೆ. ಕ್ಯಾಸೆಟ್ಟಿನ ಗಾಜಿನಂಥ ಕಿಟಕಿಯಲ್ಲಿ ಸುರುಳಿಯ ಅಂಚಿಗೆ ಬಿಳಿ ಪುಡಿ ಕಂಡರೆ ಅದೂ ಬೂಷ್ಟೇ. ತೇವದಿಂದ ಉಳಿಸಲೆಂದು ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಅಡಕೆಗೆ ಒಳ್ಳೆಯದು, ಟೇಪಿಗಲ್ಲ. ಬಿಸಿಗೆ ಪಟ್ಟಿ ಸೊಟ್ಟಗಾಗುತ್ತದೆ, ಹೊಗೆಯ ಜಿಡ್ಡು ಕೂರುತ್ತದೆ.

ಟೇಪು ಸರಿಯಿದ್ದರೂ ಕೇಳಿಸುವ ಯಂತ್ರ ಬೇಕಲ್ಲ? 1979ರಲ್ಲಿ ವಾಕ್‌ಮನ್ ತಂದು ಜಗತ್ತನ್ನೇ ಮರುಳು ಮಾಡಿದ್ದ ಸೋನಿ ಕಂಪನಿ 2010ರಲ್ಲಿ ಜಪಾನಿನಲ್ಲಿ ಕ್ಯಾಸೆಟ್ ವಾಕ್‌ಮನ್ ಕೊಡುವುದನ್ನು ನಿಲ್ಲಿಸಿತು. ಧ್ವನಿ ಭಂಡಾರಗಳ ಅಂತರರಾಷ್ಟ್ರೀಯ ಸಂಘಟನೆ ಮತ್ತು ಯುನೆಸ್ಕೊ ಸೇರಿ 2019ರಲ್ಲಿ ಒಂದು ಎಚ್ಚರಿಕೆ ಕೊಟ್ಟವು. 2025ರ ಹೊತ್ತಿಗೆ ಕಾಂತೀಯ ಟೇಪನ್ನು ಕೇಳಿಸುವ ಯಂತ್ರಗಳೂ, ಅವುಗಳನ್ನು ರಿಪೇರಿ ಮಾಡಬಲ್ಲವರೂ ಸಿಗುವುದು ಕಷ್ಟವಾದೀತು ಎಂಬುದು ಅದರ ತಿರುಳು. ಆ ಗಡುವು ಬಂದಾಯಿತು.

ಈಗ ಎಲ್ಲರ ಕಿಸೆಯಲ್ಲೂ ಯಂತ್ರ

‘ಈಗ ಮೊಬೈಲ್ ಇದೆಯಲ್ಲ, ಎಲ್ಲವೂ ರೆಕಾರ್ಡ್ ಆಗುತ್ತಿದೆಯಲ್ಲ’ ಎಂದು ನೀವು ಕೇಳಬಹುದು. ನಿಜ. ಮುದ್ರಿಸುವುದು ಇಷ್ಟು ಸುಲಭ ಹಿಂದೆಂದೂ ಇರಲಿಲ್ಲ. ಆದರೆ ಮೊಬೈಲು ನೀರಿಗೆ ಬಿದ್ದರೆ, ಕಳೆದುಹೋದರೆ, ಜಾಗ ಸಾಲದೆ ಅಳಿಸಿದರೆ ಹಾಡೂ ಹೋಯಿತು. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ವಿಡಿಯೊ ಗಾತ್ರ ತಗ್ಗಿಸಿಕೊಂಡು, ಗುಣಮಟ್ಟ ಕಳೆದುಕೊಂಡು ಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಅದರ ಮೇಲೆ ಹೆಸರಿರುವುದಿಲ್ಲ. ‘ಅಜ್ಜಿಯ ಅದ್ಭುತ ಹಾಡು, ಎಲ್ಲರಿಗೂ ಶೇರ್ ಮಾಡಿ’ ಎಂದಿರುತ್ತದೆ. ಯಾವ ಅಜ್ಜಿ? ಯಾವ ಊರು? ಲಕ್ಷ ಜನ ನೋಡಿದ ಮೇಲೂ ಆಕೆ ಅನಾಮಿಕೆ.

ಆದ್ದರಿಂದ ಕೆಲವು ಕೆಲಸಗಳನ್ನು ಹೇಳುತ್ತೇನೆ. ಇವಕ್ಕೆ ಹೆಚ್ಚು ಹಣ ಬೇಡ, ಬಿಡುವು ಮತ್ತು ತಾಳ್ಮೆ ಸಾಕು.

ಮೊದಲಿಗೆ ಮನೆಯ ಕ್ಯಾಸೆಟ್ಟುಗಳನ್ನು ಎರಡು ಪಾಲು ಮಾಡಿ. ಅಂಗಡಿಯಿಂದ ಕೊಂಡದ್ದು ಒಂದು ಕಡೆ, ಮನೆಯಲ್ಲೋ ಊರಲ್ಲೋ ಮುದ್ರಿಸಿದ್ದು ಇನ್ನೊಂದು ಕಡೆ. ಕೊಂಡದ್ದಕ್ಕೆ ಬೇರೆ ಪ್ರತಿಗಳಿರುತ್ತವೆ. ನಿಮ್ಮ ಕಾಳಜಿ ಎರಡನೆಯ ಪಾಲಿನ ಮೇಲಿರಲಿ. ಕ್ಯಾಸೆಟ್ಟಿನ ಮೇಲಂಚಿನ ಎರಡು ಪುಟ್ಟ ಚೂರುಗಳನ್ನು ಮುರಿದುಬಿಡಿ. ಆಗ ಕೈತಪ್ಪಿ ಅದರ ಮೇಲೆ ಬೇರೇನೂ ಮುದ್ರಣವಾಗುವುದಿಲ್ಲ.

ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಹಾಗೇ ಯಂತ್ರಕ್ಕೆ ಹಾಕಬೇಡಿ. ಯಂತ್ರವೂ ಕೆಡುತ್ತದೆ, ಮುಂದೆ ಹಾಕುವ ಕ್ಯಾಸೆಟ್ಟಿಗೂ ಹರಡುತ್ತದೆ. ಅಂಥವನ್ನು ಬೇರೆ ತೆಗೆದಿಟ್ಟು, ನೇರ ಬಿಸಿಲು ತಾಗದ ಒಣ ಜಾಗದಲ್ಲಿಡಿ, ಬಲ್ಲವರಿಗೆ ತೋರಿಸಿ. ಚೆನ್ನಾಗಿರುವುದನ್ನು ಒಮ್ಮೆ ಕೊನೆಯವರೆಗೆ ಮುಂದಕ್ಕೂ ಹಿಂದಕ್ಕೂ ಓಡಿಸಿ, ಅಂಟಿಕೊಂಡ ಸುತ್ತುಗಳು ಬಿಡುತ್ತವೆ. ಪ್ಲೇಯರಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರಸಿ ಆರಲು ಬಿಡಿ.

ಆಮೇಲೆ ಪ್ಲೇಯರಿನಿಂದ ಕಂಪ್ಯೂಟರಿಗೆ ವಯರು ಜೋಡಿಸಿ ಮುದ್ರಿಸಿಕೊಳ್ಳಬೇಕು. ಆಡಾಸಿಟಿಯಂಥ ಉಚಿತ ತಂತ್ರಾಂಶ ಸಾಕು. ಸ್ಪೀಕರಿನ ಮುಂದೆ ಮೊಬೈಲು ಹಿಡಿದರೆ ಮನೆಯ ಮಿಕ್ಸಿಯ ಸದ್ದೂ ಸೇರುತ್ತದೆ. ಮೂಲಪ್ರತಿಯನ್ನು ಸಂಕುಚಿತಗೊಳಿಸದ ‘ವೇವ್’ ಮಾದರಿಯಲ್ಲಿಡಿ. ಸಿ.ಡಿ. ಗುಣಮಟ್ಟದಲ್ಲಿ ಒಂದು ಗಂಟೆಗೆ ಸುಮಾರು 635 ಮೆಗಾಬೈಟ್ ಬೇಕು. ಇಂದಿನ ಸಾಮಾನ್ಯ ಪೆನ್‌ಡ್ರೈವಿನಲ್ಲಿ ನಲವತ್ತು ಐವತ್ತು ಗಂಟೆಯ ಹಾಡು ಹಿಡಿಯುತ್ತದೆ. ಹಂಚಲು ಎಂಪಿ-3 ಪ್ರತಿ ಬೇರೆ ಮಾಡಿ. ಮೂರು ಪ್ರತಿ ಇರಲಿ, ಒಂದಾದರೂ ಬೇರೆ ಊರಿನ ನೆಂಟರ ಮನೆಯಲ್ಲಿರಲಿ.

ಕೊನೆಯದೇ ಮುಖ್ಯವಾದದ್ದು. ಪ್ರತಿಯೊಂದು ಮುದ್ರಿಕೆಯ ಆರಂಭದಲ್ಲೋ ಕೊನೆಯಲ್ಲೋ ನಿಮ್ಮ ದನಿಯಲ್ಲೇ ಹೇಳಿ: ಹಾಡಿದವರು ಇಂಥವರು, ಊರು ಇದು, ಸಂದರ್ಭ ಇದು, ವರ್ಷ ಇದು. ಹಳೆಯ ಟೇಪಾದರೆ ಅದನ್ನು ಮನೆಯ ಹಿರಿಯರ ಎದುರು ಹಾಕಿ ಕೇಳಿಸಿ. ‘ಇದು ಇಂಥವರ ದನಿ’ ಎಂದು ಅವರು ಗುರುತಿಸಿದ್ದನ್ನು ಬರೆದುಕೊಳ್ಳಿ. ಯಂತ್ರ ಮಾಡಲಾರದ ಕೆಲಸ ಇದೊಂದೇ. ಹಾಡಿದವರೋ ಅವರ ಮನೆಯವರೋ ಇದ್ದರೆ, ಹೊರಗೆ ಹಂಚುವ ಮೊದಲು ಒಂದು ಮಾತು ಕೇಳಿ. ಹಾಡಿದವರಿಗೆ ತಮ್ಮ ಹಾಡಿನ ಮೇಲೆ ಹಕ್ಕಿದೆ ಎಂದು ನಮ್ಮ ಕಾನೂನೂ ಹೇಳುತ್ತದೆ. ಮರ್ಯಾದೆಯೂ ಅದನ್ನೇ ಹೇಳುತ್ತದೆ.

ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರು ಕಟ್ಟಿದ ಜಾನಪದ ರಂಗಕಲೆಗಳ ಕೇಂದ್ರ, ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು 1994ರಲ್ಲಿ ಸ್ಥಾಪಿಸಿದ ಜಾನಪದ ಲೋಕ ಇವೆಲ್ಲ ಒಬ್ಬೊಬ್ಬ ಹಟವಾದಿಯ ಆಸೆಯಿಂದ ಶುರುವಾದವು. ಕಿಗ್ಗದ ಒಂದು ಶಾಲೆಯ ಕಪಾಟಿನಲ್ಲಿ ಈ ಸೀಮೆಯ ನೂರು ಹಾಡುಗಳು ಹೆಸರು ಸಮೇತ ಇದ್ದರೆ ಅದೂ ಒಂದು ಭಂಡಾರವೇ. ಹುಡುಗರು ಕಂಪ್ಯೂಟರು ನೋಡಿಕೊಳ್ಳಲಿ, ಹಿರಿಯರು ದನಿ ಗುರುತಿಸಲಿ. ಇಬ್ಬರಲ್ಲಿ ಒಬ್ಬರಿಲ್ಲದಿದ್ದರೂ ಈ ಕೆಲಸ ಆಗುವುದಿಲ್ಲ. ಹುಡುಗರಿಗೆ ಕಾಲಾವಕಾಶವಿದೆ, ಹಿರಿಯರಿಗೆ ಅಷ್ಟಿಲ್ಲ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮಳೆ ಹಿಡಿಯಲು ಇನ್ನೂ ಕೆಲವು ವಾರಗಳಿವೆ. ಋಷ್ಯಶೃಂಗನ ಊರಿನಲ್ಲಿ ನಿಂತು ಮಳೆ ತಡವಾಗಲಿ ಎಂದು ಬೇಡುವ ಧೈರ್ಯ ನನಗಿಲ್ಲ. ಅದು ಬರುವುದರೊಳಗೆ ಪ್ರತಿ ಮನೆಯವರು ಅಟ್ಟದಿಂದ ಒಂದು ಕ್ಯಾಸೆಟ್ಟನ್ನಾದರೂ ಇಳಿಸಿ, ಅದರಲ್ಲಿರುವ ದನಿ ಯಾರದೆಂದು ಒಂದು ಚೀಟಿಯಲ್ಲಿ ಬರೆದಿಡಿ ಎಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.